ಹುಳಿಯ ಬಾಗಿಲು ಕಾಯುವವರು

ಸೇಬು ಕೊಳ್ಳುವವರು ಬಣ್ಣ ನೋಡುತ್ತಾರೆ, ಮೆಲ್ಲಗೆ ಒತ್ತಿ ನೋಡುತ್ತಾರೆ, ಮೂಸಿ ನೋಡುತ್ತಾರೆ. ಆಮೇಲೆ ಕೇಳುವುದು ಒಂದೇ ಪ್ರಶ್ನೆ: ‘ಸಿಹಿ ಇದೆಯಾ?’ ‘ಹುಳಿ ಎಷ್ಟಿದೆ?’ ಎಂದು ಕೇಳಿದ ಗಿರಾಕಿಯನ್ನು ಯಾವ ಅಂಗಡಿಯವನೂ ಕಂಡಿರಲಾರ. ಆದರೆ ಹಣ್ಣಿಗೆ ರುಚಿ ಬರುವುದು ಸಿಹಿಯೊಂದರಿಂದಲೇ ಅಲ್ಲ. ಸಕ್ಕರೆ ನೀರು ಕುಡಿದವರಿಗೆ ಹಣ್ಣು ತಿಂದ ತೃಪ್ತಿ ಸಿಗುವುದಿಲ್ಲ. ಸಾರಿಗೆ ಹುಣಿಸೆ ಬೀಳದಿದ್ದರೆ ಉಪ್ಪು, ಖಾರ, ಒಗ್ಗರಣೆ ಎಲ್ಲ ಇದ್ದೂ ಅದು ಸಪ್ಪೆಯೇ. ಹುಳಿಯಿಲ್ಲದ ಸೇಬಿನ ಪಾಡೂ ಅದೇ. ಅದು ಸಿಹಿಯಾಗಿರುತ್ತದೆ, ಆದರೆ ಎರಡನೆಯ ಹೋಳಿಗೆ ಕೈ ಹೋಗುವುದಿಲ್ಲ.

ಅತಿಯಾದ ಹುಳಿಯೂ ಆಗದು ಎಂಬುದಕ್ಕೆ ಭಾರತದಲ್ಲಿಯೇ ಒಂದು ಕಥೆಯುಂಟು. 1870ರಲ್ಲಿ ಕ್ಯಾಪ್ಟನ್ ಆರ್. ಸಿ. ಲೀ ಎಂಬ ಇಂಗ್ಲಿಷ್ ಅಧಿಕಾರಿ ಕುಲು ಕಣಿವೆಯ ಬಂದ್ರೋಲ್‌ನಲ್ಲಿ ಸೇಬಿನ ತೋಟ ಹಾಕಿದರು. ಗಿಡಗಳೆಲ್ಲ ಇಂಗ್ಲೆಂಡಿನ ತಳಿಗಳು. ಹಣ್ಣು ಚೆನ್ನಾಗಿ ಬಂತು. ಆದರೆ ಆ ಹುಳಿ ಇಲ್ಲಿನ ಜನರ ನಾಲಗೆಗೆ ಹಿಡಿಸಲಿಲ್ಲ. ಮುಂದೆ 1916ರ ಸುಮಾರಿಗೆ ಅಮೆರಿಕದಿಂದ ಬಂದು ಶಿಮ್ಲಾ ಬೆಟ್ಟಗಳ ಕೋಟ್‌ಗಢದಲ್ಲಿ ನೆಲೆಸಿದ್ದ ಸ್ಯಾಮ್ಯುಯೆಲ್ ಸ್ಟೋಕ್ಸ್ ತಮ್ಮ ದೇಶದ ‘ರೆಡ್ ಡಿಲಿಷಸ್’ ಗಿಡಗಳನ್ನು ತರಿಸಿ ನೆಟ್ಟರು. ಅದು ಹುಳಿ ಕಡಿಮೆಯಿದ್ದ, ಸಿಹಿ ಮುಂದಾಗಿದ್ದ ತಳಿ. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೂ ಹೋಗಿಬಂದು, ಕಡೆಗೆ ಸತ್ಯಾನಂದ ಎಂದು ಹೆಸರು ಬದಲಿಸಿಕೊಂಡ ಈ ಮನುಷ್ಯ ತಂದ ಸೇಬು ಹಿಮಾಚಲದ ಬೆಟ್ಟಗಳ ಬದುಕನ್ನೇ ಬದಲಿಸಿತು. ಒಂದು ಪ್ರಾಂತದ ಕೃಷಿಯ ದಿಕ್ಕು ನಾಲಗೆಯ ಮೇಲಿನ ಹುಳಿಯ ಒಂದು ಪಾಲಿನಿಂದ ತಿರುಗಿತು ಎಂದರೆ ಉತ್ಪ್ರೇಕ್ಷೆಯಾಗದು.

ಹಾಗಾದರೆ ಒಂದು ಸೇಬು ಹುಳಿಯಾಗುವುದು, ಇನ್ನೊಂದು ಸಪ್ಪೆಯಾಗುವುದು ಏಕೆ? ಮಣ್ಣು, ಮಳೆ, ಬಿಸಿಲು ಕಾರಣ ಎಂದು ಹೇಳಿ ಮುಗಿಸುವಂತಿಲ್ಲ. ಒಂದೇ ತೋಟದಲ್ಲಿ, ಒಂದೇ ಸಾಲಿನಲ್ಲಿ, ಒಂದೇ ಹಣ್ಣಿನ ಬೀಜಗಳಿಂದ ಹುಟ್ಟಿದ ಎರಡು ಮರಗಳಲ್ಲಿ ಒಂದು ಹುಳಿ, ಒಂದು ಸಪ್ಪೆ ಆಗುವುದುಂಟು. ಉತ್ತರ ಇರುವುದು ಮರದ ವಂಶದಲ್ಲಿ. ಆ ಉತ್ತರವನ್ನು ಹುಡುಕಿದ ದಾರಿ ಉದ್ದವಾದದ್ದು, ಸ್ವಾರಸ್ಯವಾದದ್ದು.

ಕೋಣೆ ಮತ್ತು ಬಾಗಿಲು

ಸೇಬಿನ ಹುಳಿಗೆ ಬಹುಪಾಲು ಕಾರಣವಾದುದು ಮ್ಯಾಲಿಕ್ ಆಮ್ಲ. ಸ್ವೀಡನ್ನಿನ ಔಷಧ ವ್ಯಾಪಾರಿ ಕಾರ್ಲ್ ವಿಲ್ಹೆಲ್ಮ್ ಷೀಲೆ 1785ರಲ್ಲಿ ಇದನ್ನು ಸೇಬಿನ ರಸದಿಂದಲೇ ಬೇರ್ಪಡಿಸಿದರು. ಎರಡು ವರ್ಷದ ತರುವಾಯ ಫ್ರಾನ್ಸಿನ ಲವಾಸಿಯೆ ಅದಕ್ಕೆ ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ‘ಮಾಲಮ್’ ಎಂದರೆ ಸೇಬು. ಸೇಬಿನ ಆಮ್ಲ, ಅಷ್ಟೇ.

ಈ ಆಮ್ಲ ಸೇಬಿಗೆ ಮಾತ್ರ ಸೀಮಿತವಲ್ಲ. ಗಿಡಮರಗಳ ಜೀವಕೋಶಗಳಲ್ಲೆಲ್ಲ ಅದು ಹುಟ್ಟುತ್ತದೆ, ಖರ್ಚಾಗುತ್ತದೆ. ಕೋಶದ ಉಸಿರಾಟಕ್ಕೂ ಅದು ಬೇಕು. ಶೀತಲ ಗೃಹದಲ್ಲಿ ತಿಂಗಳುಗಟ್ಟಲೆ ಇಟ್ಟ ಸೇಬು ಸಪ್ಪೆಯಾಗುವುದೂ ಇದೇ ಕಾರಣಕ್ಕೆ. ಕಿತ್ತ ಹಣ್ಣು ಸತ್ತಿರುವುದಿಲ್ಲ. ಅದು ಉಸಿರಾಡುತ್ತ ತನ್ನ ಹುಳಿಯನ್ನು ತಾನೇ ಉರಿಸಿಕೊಳ್ಳುತ್ತಿರುತ್ತದೆ.

ಆಮ್ಲ ಹುಟ್ಟಿದರೆ ಸಾಲದು, ಅದನ್ನು ಕೂಡಿಡಲು ಜಾಗ ಬೇಕು. ಇಲ್ಲಿದೆ ತೊಡಕು. ಜೀವಕೋಶದ ಕೆಲಸಗಳೆಲ್ಲ ನಡೆಯುವುದು ಕೋಶದ್ರವ್ಯದಲ್ಲಿ. ಅದರ ಆಮ್ಲೀಯತೆಯನ್ನು ಅಳೆಯುವ ಪಿಎಚ್ ಅಂಕ 7ರ ಆಸುಪಾಸಿನಲ್ಲಿರಬೇಕು, ಅಂದರೆ ಹೆಚ್ಚುಕಡಿಮೆ ನೀರಿನಂತೆ. ಸೇಬಿನ ರಸದ ಪಿಎಚ್ ಅಂಕವಾದರೋ 3.5ರ ಆಸುಪಾಸು. ಈ ಮಾಪಕದಲ್ಲಿ ಒಂದು ಮೆಟ್ಟಿಲು ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. ಮೂರೂವರೆ ಮೆಟ್ಟಿಲು ಇಳಿದರೆ ಸಾವಿರಕ್ಕೂ ಮಿಕ್ಕಿದ ಪಟ್ಟು. ಇಷ್ಟು ಹುಳಿ ಕೋಶದ್ರವ್ಯಕ್ಕೆ ಬೆರೆತರೆ ಕೋಶ ಬದುಕುವುದಿಲ್ಲ.

ಮನೆಗಳಲ್ಲಿ ಉಪ್ಪಿನಕಾಯಿಯನ್ನು ಏನು ಮಾಡುತ್ತಾರೆ? ಹಿತ್ತಾಳೆಯ ಪಾತ್ರೆಯಲ್ಲಿ ಇಡುವುದಿಲ್ಲ. ಪಿಂಗಾಣಿ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಬೇರೆಯಾಗಿ ಇಡುತ್ತಾರೆ. ಕೋಶವೂ ಹಾಗೆಯೇ ಮಾಡುತ್ತದೆ. ಶಾಲೆಯ ಪುಸ್ತಕಗಳಲ್ಲಿ ರಸದಾನಿ ಎಂದು ಕರೆಯುವ ಚೀಲವೇ ಅದರ ಜಾಡಿ. ಬಲಿತ ಹಣ್ಣಿನ ಕೋಶದಲ್ಲಿ ಈ ಚೀಲವೇ ಬಹುಪಾಲು ಜಾಗ ಹಿಡಿದಿರುತ್ತದೆ. ಕೋಶದ್ರವ್ಯ ಅಂಚಿಗೆ ಒತ್ತರಿಸಿಕೊಂಡು ಕುಳಿತಿರುತ್ತದೆ. ಸೇಬನ್ನು ಕಚ್ಚಿದಾಗ ಬಾಯಿಗೆ ಚಿಮ್ಮುವುದು ಮುಖ್ಯವಾಗಿ ಈ ರಸದಾನಿಗಳ ರಸ.

ರಸದಾನಿಯ ಸುತ್ತ ತೆಳುವಾದ ಪೊರೆಯುಂಟು. ಮ್ಯಾಲಿಕ್ ಆಮ್ಲ ಕೋಶದ್ರವ್ಯದಲ್ಲಿರುವಾಗ ವಿದ್ಯುದಂಶ ಹೊತ್ತ ಮ್ಯಾಲೇಟ್ ಎಂಬ ರೂಪದಲ್ಲಿರುತ್ತದೆ. ಆ ರೂಪದಲ್ಲಿ ಅದು ಪೊರೆಯನ್ನು ತಾನಾಗಿ ದಾಟಲಾರದು. ಅದಕ್ಕೆ ಬಾಗಿಲು ಬೇಕು. ಪೊರೆಯಲ್ಲಿ ಹುದುಗಿ ಕುಳಿತ ಸಾಗಣೆಯ ಪ್ರೋಟೀನುಗಳೇ ಈ ಬಾಗಿಲುಗಳು. ಒಂದೊಂದು ಬಾಗಿಲು ಒಂದೊಂದು ಬಗೆಯ ವಸ್ತುವಿಗೆ. ಸಕ್ಕರೆಗೆ ಒಂದು, ನೈಟ್ರೇಟಿಗೆ ಒಂದು, ಮ್ಯಾಲೇಟಿಗೆ ಒಂದು. ಇವುಗಳ ಪಕ್ಕದಲ್ಲಿ ಹೈಡ್ರೊಜನ್ ಅಯಾನುಗಳನ್ನು ರಸದಾನಿಯ ಒಳಕ್ಕೆ ತಳ್ಳುವ ಪಂಪುಗಳೂ ಇರುತ್ತವೆ. ಒಳಗೆ ಬಂದ ಮ್ಯಾಲೇಟು ಈ ಅಯಾನುಗಳನ್ನು ಹಿಡಿದುಕೊಂಡು ರೂಪ ಬದಲಿಸುತ್ತದೆ. ಬಂದ ರೂಪದಲ್ಲಿ ಇಲ್ಲವಾದ್ದರಿಂದ ಬಂದ ಬಾಗಿಲಲ್ಲಿ ಹಿಂದಿರುಗಲಾರದು. ತೊರೆಗೆ ಅಡ್ಡಲಾಗಿ ಇಟ್ಟ ಬಿದಿರಿನ ಬುಟ್ಟಿಯೊಳಗೆ ಮೀನು ಸುಲಭವಾಗಿ ನುಗ್ಗುತ್ತದೆ, ಹೊರಬರಲಾರದು. ಹುಳಿ ಶೇಖರವಾಗುವುದು ಈ ಬಗೆಯ ಉಪಾಯದಿಂದ.

ಒಂದು ಪಾಲು ಸಪ್ಪೆ, ಮೂರು ಪಾಲು ಹುಳಿ

ಬಾಗಿಲುಗಳ ವಿಷಯ ತಿಳಿಯುವ ಮೊದಲೇ ಹುಳಿಯ ವಂಶಾವಳಿಯ ಸುಳಿವು ಸಿಕ್ಕಿತ್ತು. 1959ರಲ್ಲಿ ಸ್ವೀಡನ್ನಿನ ನಿಲ್ಸ್ ನೈಬಾಮ್ ಎಂಬ ತಳಿ ವಿಜ್ಞಾನಿ ಸೇಬಿನ ಆಮ್ಲೀಯತೆ ಪೀಳಿಗೆಯಿಂದ ಪೀಳಿಗೆಗೆ ಹೇಗೆ ಇಳಿಯುತ್ತದೆ ಎಂಬುದನ್ನು ಪ್ರಕಟಿಸಿದರು. ಹುಳಿಯನ್ನು ಮುಖ್ಯವಾಗಿ ಆಳುವುದು ಒಂದು ವಂಶವಾಹಿ, ಅದರ ಹುಳಿ ರೂಪ ಪ್ರಬಲ, ಸಪ್ಪೆ ರೂಪ ದುರ್ಬಲ ಎಂಬುದು ಅವರ ತೀರ್ಮಾನ. ಎರಡೂ ರೂಪಗಳನ್ನು ಹೊತ್ತ ಎರಡು ಮರಗಳನ್ನು ಕೂಡಿಸಿದರೆ ಮಕ್ಕಳಲ್ಲಿ ಮೂರು ಪಾಲು ಹುಳಿ, ಒಂದು ಪಾಲು ಸಪ್ಪೆ. 1866ರಲ್ಲಿ ಮೆಂಡೆಲ್ ಬಟಾಣಿ ಗಿಡಗಳ ವಿಷಯದಲ್ಲಿ ಬರೆದದ್ದು ಇದೇ ಲೆಕ್ಕ. ಹತ್ತನೆಯ ತರಗತಿಯ ಮಕ್ಕಳು ನಾಲ್ಕು ಮನೆಯ ಚೌಕ ಬರೆದು ಕಂಠಪಾಠ ಮಾಡುವ ಲೆಕ್ಕ.

ವ್ಯತ್ಯಾಸ ಒಂದೇ. ಬಟಾಣಿ ಒಂದು ವರ್ಷದೊಳಗೆ ಉತ್ತರ ಕೊಡುತ್ತದೆ. ಬೀಜದಿಂದ ಬೆಳೆಸಿದ ಸೇಬು ಮೊದಲ ಹಣ್ಣು ಬಿಡಲು ಸುಮಾರು ಐದರಿಂದ ಎಂಟು ವರ್ಷ. ಆ ನಾಲ್ಕು ಮನೆಯ ಚೌಕ ತುಂಬಿಸುವಷ್ಟರಲ್ಲಿ ಒಂದನೆಯ ತರಗತಿಗೆ ಸೇರಿದ ಮಗು ಹೈಸ್ಕೂಲು ಹತ್ತಿರುತ್ತದೆ.

ಆ ವಂಶವಾಹಿಗೆ ಮ್ಯಾಲಿಕ್ ಎಂಬುದರ ಮೊದಲೆರಡು ಅಕ್ಷರಗಳಿಂದ ‘ಎಂಎ’ ಎಂದು ಹೆಸರಾಯಿತು. 1998ರಲ್ಲಿ ಅದು ಸೇಬಿನ 17 ಜೊತೆ ವರ್ಣತಂತುಗಳ ಪೈಕಿ 16ನೆಯದರಲ್ಲಿದೆ ಎಂದು ನಕ್ಷೆಯಲ್ಲಿ ಗುರುತಿಸಲಾಯಿತು. ಆದರೆ ಅದು ಏನು ಮಾಡುತ್ತದೆ? ಹುಳಿಯನ್ನು ಹುಟ್ಟಿಸುತ್ತದೆಯೆ, ಕೂಡಿಡುತ್ತದೆಯೆ, ಖರ್ಚಾಗದಂತೆ ತಡೆಯುತ್ತದೆಯೆ? ಊರು ತಿಳಿದಿತ್ತು, ಬೀದಿಯಾಗಲಿ, ಮನೆಯಾಗಲಿ, ಮನೆಯವರ ಕಸುಬಾಗಲಿ ತಿಳಿದಿರಲಿಲ್ಲ.

ವಂಶವಾಹಿಗಳ ಜನಗಣತಿ

2010ರಲ್ಲಿ ಇಟಲಿಯ ಸಾನ್ ಮಿಕೆಲೆ ಆಲ್ ಅಡಿಜೆ ಎಂಬ ಊರಿನ ಸಂಸ್ಥೆಯ ರಿಕಾರ್ಡೊ ವೆಲಾಸ್ಕೊ ಮತ್ತು ಹಲವು ದೇಶಗಳ ಸಂಗಡಿಗರು ಸೇಬಿನ ಜೀನೋಮನ್ನು, ಅಂದರೆ ಅದರ ವಂಶಲಿಪಿಯನ್ನು ಇಡಿಯಾಗಿ ಓದಿ ಪ್ರಕಟಿಸಿದರು. ಓದಲು ಆರಿಸಿಕೊಂಡದ್ದು ‘ಗೋಲ್ಡನ್ ಡಿಲಿಷಸ್’ ಎಂಬ ಹಳದಿ ಸೇಬನ್ನು. ಸುಮಾರು 74 ಕೋಟಿ ಅಕ್ಷರಗಳ ಈ ಲಿಪಿಯಲ್ಲಿ ಅವರು ಎಣಿಸಿದ ವಂಶವಾಹಿಗಳು 57,386.

ಅದೇ ಕೆಲಸದಿಂದ ಇನ್ನೊಂದು ಸಂಗತಿಯೂ ಹೊರಬಿತ್ತು. 5 ಕೋಟಿ ವರ್ಷಗಳಿಗೂ ಹಿಂದೆ ಸೇಬಿನ ಪೂರ್ವಜನೊಂದು ತನ್ನ ವಂಶಲಿಪಿಯನ್ನು ಇಡಿಯಾಗಿ ಇಮ್ಮಡಿ ಮಾಡಿಕೊಂಡಿತ್ತು. ಒಂಬತ್ತು ವರ್ಣತಂತುಗಳು ಹದಿನೆಂಟಾಗಿ, ಮುಂದೆ ಕೂಡಿ ಕಳೆದು ಹದಿನೇಳಾದವು. ಹುಳಿಯ ವಂಶವಾಹಿ ಇರುವ 16ನೆಯದಕ್ಕೆ 13ನೆಯದು ಇಂದಿಗೂ ಸೋದರನಂತೆ ಹೋಲುತ್ತದೆ. ಒಂದು ಮನೆ ಎರಡಾದಾಗ ಪಾತ್ರೆ ಪಡಗಗಳೂ ಎರಡೆರಡಾಗುವಂತೆ ಸೇಬಿನಲ್ಲಿ ಹಲವು ವಂಶವಾಹಿಗಳಿಗೆ ಜೋಡಿಗಳುಂಟು. ಕೆಲವು ಜೋಡಿಗಳು ಹಳೆಯ ಕೆಲಸವನ್ನೇ ಮಾಡುತ್ತವೆ, ಕೆಲವು ಹೊಸ ಕೆಲಸ ಕಲಿತಿವೆ, ಕೆಲವು ಮೂಲೆ ಸೇರಿವೆ.

ಲಿಪಿ ಕೈಗೆ ಬಂದ ಮೇಲೆ ಗಣತಿ ಸುಲಭವಾಯಿತು. ಒಂದು ವಂಶವಾಹಿ ಕುಟುಂಬದ ಎಲ್ಲ ಸದಸ್ಯರನ್ನೂ ಇಡೀ ಜೀನೋಮಿನಲ್ಲಿ ಹುಡುಕಿ ಪಟ್ಟಿ ಮಾಡುವುದು ಈಗ ಸಂಶೋಧನೆಯ ರೂಢಿಯ ಕ್ರಮ. ಬೇರೊಂದು ಗಿಡದಲ್ಲಿ ಗೊತ್ತಿರುವ ಪ್ರೋಟೀನಿನ ಅಕ್ಷರಮಾಲೆಯನ್ನು ಕಂಪ್ಯೂಟರಿಗೆ ಕೊಟ್ಟು ‘ಇದನ್ನು ಹೋಲುವವರು ಯಾರು ಯಾರಿದ್ದಾರೆ?’ ಎಂದು ಕೇಳುತ್ತಾರೆ. ಸಿಕ್ಕವರಲ್ಲಿ ಕುಟುಂಬದ ಗುರುತು, ಅಂದರೆ ಆ ಮನೆತನದವರಿಗೆಲ್ಲ ಸಮಾನವಾದ ಅಕ್ಷರಗಳ ಭಾಗ ಇದೆಯೇ ಎಂದು ಪರೀಕ್ಷಿಸುತ್ತಾರೆ. ಇದ್ದವರ ವಂಶವೃಕ್ಷ ಬರೆಯುತ್ತಾರೆ. ಯಾರು ಯಾವ ವರ್ಣತಂತುವಿನಲ್ಲಿದ್ದಾರೆ ಎಂದು ನಕ್ಷೆ ಹಾಕುತ್ತಾರೆ. ಕೊನೆಗೆ ಯಾರು ಬೇರಿನಲ್ಲಿ ಚುರುಕು, ಯಾರು ಎಲೆಯಲ್ಲಿ, ಯಾರು ಹಣ್ಣಿನಲ್ಲಿ ಎಂದು ನೋಡುತ್ತಾರೆ. ಸಕ್ಕರೆ ಸಾಗಿಸುವ ಕುಟುಂಬಗಳು, ನೈಟ್ರೇಟು ಸಾಗಿಸುವ ಕುಟುಂಬಗಳು ಎಂದು ಒಂದೊಂದರ ಮೇಲೂ ಸೇಬು, ಪೇರು, ದ್ರಾಕ್ಷಿ, ಕಿತ್ತಳೆಗಳಲ್ಲಿ ಇಂಥ ಪ್ರಬಂಧಗಳು ಸಾಲುಸಾಲಾಗಿ ಬಂದಿವೆ.

ಮ್ಯಾಲೇಟಿನ ಬಾಗಿಲುಗಳದೂ ಒಂದು ಕುಟುಂಬ. ಸಾಸಿವೆಯ ಬಳಗದ ಅರಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡದಲ್ಲಿ ಅದರ ಸದಸ್ಯರು 14. ಇಮ್ಮಡಿಯಾದ ಮನೆಯಾದ್ದರಿಂದ ಸೇಬಿನಲ್ಲಿ ಆ ಸಂಖ್ಯೆ 20ಕ್ಕೂ ಹೆಚ್ಚು.

ಊರಿನಲ್ಲಿ ಜನಗಣತಿಗೆ ಹೋಗುವವರು ಸಾಮಾನ್ಯವಾಗಿ ಶಾಲೆಯ ಮೇಷ್ಟರುಗಳೇ. ಮನೆಗೆ ಎಷ್ಟು ಜನ, ಯಾರ ವಯಸ್ಸೆಷ್ಟು, ಯಾರು ಯಾರಿಗೆ ಏನಾಗಬೇಕು ಎಂದು ಕಾಲಂ ತುಂಬಿಸಿ ಬರುತ್ತಾರೆ. ಪಟ್ಟಿ ಅಚ್ಚುಕಟ್ಟಾಗಿರುತ್ತದೆ. ಆದರೆ ಆ ಮನೆಯಲ್ಲಿ ಬೆಳಗಿನ ಜಾವ ಎದ್ದು ನೀರು ತರುವವರು ಯಾರು, ಯಾರಿಲ್ಲದಿದ್ದರೆ ಒಲೆ ಹೊತ್ತುವುದಿಲ್ಲ ಎಂಬುದಕ್ಕೆ ಅದರಲ್ಲಿ ಕಾಲಂ ಇಲ್ಲ. ವಂಶವಾಹಿಗಳ ಗಣತಿಯ ಮಿತಿಯೂ ಅದೇ.

ಶಾನುಭೋಗರ ಮನೆತನ

ಈ ಕುಟುಂಬದ ಹೆಸರನ್ನು ಮೊದಲ ಬಾರಿಗೆ ಕೇಳಿದವರಿಗೆ ಗೊಂದಲವಾಗುವುದು ಖಂಡಿತ. ‘ಅಲ್ಯೂಮಿನಿಯಮ್ಮಿನಿಂದ ಎಚ್ಚೆತ್ತು ಮ್ಯಾಲೇಟ್ ಸಾಗಿಸುವವರು’ ಎಂಬುದು ಅದರ ಅರ್ಥ. ಸೇಬಿನ ಹಣ್ಣಿಗೂ ಅಲ್ಯೂಮಿನಿಯಮ್ಮಿಗೂ ಎಲ್ಲಿಯ ನಂಟು?

ನಂಟು ಇರುವುದು ಗೋಧಿಯ ಬೇರಿನಲ್ಲಿ. ಆಮ್ಲೀಯ ಮಣ್ಣಿನಲ್ಲಿ ಅಲ್ಯೂಮಿನಿಯಮ್ ಕರಗಿ ಬೇರಿನ ತುದಿಯನ್ನು ಸುಡುತ್ತದೆ. ಮಲೆನಾಡು ಮತ್ತು ಕರಾವಳಿಯ ಜಂಬಿಟ್ಟಿಗೆ ಮಣ್ಣಿಗೆ ಸುಣ್ಣ ಹಾಕುವವರಿಗೆ ಮಣ್ಣಿನ ಹುಳಿ ಪರಿಚಿತವೇ. ಕೆಲವು ಗೋಧಿ ತಳಿಗಳು ಇಂಥ ಮಣ್ಣಿನಲ್ಲೂ ಬದುಕುತ್ತವೆ. ಅಲ್ಯೂಮಿನಿಯಮ್ ಸೋಂಕಿದ ಕೂಡಲೆ ಅವುಗಳ ಬೇರಿನ ತುದಿ ಮ್ಯಾಲೇಟನ್ನು ಹೊರಕ್ಕೆ ಸುರಿಯುತ್ತದೆ. ಮ್ಯಾಲೇಟು ಆ ಲೋಹವನ್ನು ಕಟ್ಟಿಹಾಕಿ ನಿರುಪದ್ರವಿಯನ್ನಾಗಿ ಮಾಡುತ್ತದೆ. ಇದಕ್ಕೆ ಕಾರಣವಾದ ವಂಶವಾಹಿಯನ್ನು ಜಪಾನ್ ಮತ್ತು ಆಸ್ಟ್ರೇಲಿಯದ ವಿಜ್ಞಾನಿಗಳು ಕೂಡಿ 2004ರಲ್ಲಿ ಗುರುತಿಸಿದರು. ಮೊದಲು ಸಿಕ್ಕವನ ಕಸುಬೇ ಇಡೀ ಕುಟುಂಬಕ್ಕೆ ಹೆಸರಾಯಿತು.

ಹಳ್ಳಿಗಳಲ್ಲಿ ‘ಶಾನುಭೋಗರ ಮನೆ’ ಎಂದು ಕರೆಯುವ ಮನೆಗಳು ಈಗಲೂ ಇವೆ. ವಂಶಪಾರಂಪರ್ಯದ ಶಾನುಭೋಗಿಕೆ ಹೋಗಿ ಎಷ್ಟೋ ದಶಕಗಳಾದವು. ಈಗ ಆ ಮನೆಯ ಒಬ್ಬ ಮಗ ಬಸ್ಸಿನ ಕಂಡಕ್ಟರ್, ಇನ್ನೊಬ್ಬ ಔಷಧದ ಅಂಗಡಿಯವ, ಮೂರನೆಯವನು ಬೆಂಗಳೂರಿನಲ್ಲಿ. ಲೆಕ್ಕದ ಪುಸ್ತಕ ಮುಟ್ಟಿದವರು ಯಾರೂ ಇಲ್ಲ. ಹೆಸರು ಮಾತ್ರ ಶಾನುಭೋಗರದು. ಈ ವಂಶವಾಹಿ ಕುಟುಂಬದ ಕಥೆಯೂ ಹೀಗೆಯೇ. ಅರಬಿಡಾಪ್ಸಿಸ್ಸಿನಲ್ಲಿ ಒಬ್ಬ ಸದಸ್ಯ ಬೇರಿನಲ್ಲಿ ಅಲ್ಯೂಮಿನಿಯಮ್ಮನ್ನು ಎದುರಿಸುತ್ತಾನೆ. ಇನ್ನೊಬ್ಬನ ಕೆಲಸ ಎಲೆಯ ಪತ್ರರಂಧ್ರಗಳನ್ನು ಮುಚ್ಚುವುದು. 2010ರಲ್ಲಿ ಇದು ತಿಳಿಯಿತು. ಅವನಿಗೆ ಅಲ್ಯೂಮಿನಿಯಮ್ಮಿನ ಗೊಡವೆಯೇ ಇಲ್ಲ. ಮತ್ತೊಬ್ಬ ರಸದಾನಿಯ ಪೊರೆಯಲ್ಲಿ ಕುಳಿತಿದ್ದಾನೆ. ಒಂದೇ ಮನೆತನ, ಬೇರೆ ಬೇರೆ ಕಸುಬು. ಹೆಸರು ನೋಡಿ ಕೆಲಸ ಊಹಿಸಿದರೆ ಎಡವುವುದು ನಿಶ್ಚಯ.

ಒಂದು ಅಕ್ಷರದ ವ್ಯತ್ಯಾಸ

ಹಾಗಾದರೆ ಸೇಬಿನ ಇಪ್ಪತ್ತಕ್ಕೂ ಮಿಕ್ಕಿದ ಸದಸ್ಯರಲ್ಲಿ ಹುಳಿಯ ಬಾಗಿಲು ಕಾಯುವವರು ಯಾರು? ಇದನ್ನು ಪಟ್ಟಿ ಹೇಳಲಿಲ್ಲ, ತೋಟ ಹೇಳಿತು.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಜಿನೀವಾ ಎಂಬ ಪುಟ್ಟ ಊರಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ತೋಟಗಾರಿಕೆಯ ಕೇಂದ್ರವಿದೆ. ಅಲ್ಲಿ ‘ರಾಯಲ್ ಗಾಲಾ’ ಎಂಬ ಪ್ರಸಿದ್ಧ ತಳಿಯನ್ನು ಮಧ್ಯ ಏಷ್ಯದ ಕಾಡುಸೇಬಿನೊಂದಿಗೆ ಕೂಡಿಸಿ ಹುಟ್ಟಿಸಿದ ಮರಗಳಿದ್ದವು. ಕೆನಾಂಗ್ ಶು ಮತ್ತು ಸಂಗಡಿಗರು ಒಂದೊಂದು ಮರದ ಹಣ್ಣನ್ನೂ ಹಿಂಡಿ ಹುಳಿ ಅಳೆದರು. ಅದೇ ಮರದ ವಂಶಲಿಪಿಯೊಂದಿಗೆ ಹೋಲಿಸಿದರು. 16ನೆಯ ವರ್ಣತಂತುವಿನಲ್ಲಿ ಹುಡುಕಬೇಕಾದ ಜಾಗ ಕಿರಿದಾಗುತ್ತ ಬಂದು ಸುಮಾರು 65ರಿಂದ 82 ಸಾವಿರ ಅಕ್ಷರಗಳ ತುಣುಕಿಗೆ ಇಳಿಯಿತು. ಆ ತುಣುಕಿನೊಳಗಿದ್ದ ಹನ್ನೆರಡಕ್ಕೂ ಹೆಚ್ಚು ವಂಶವಾಹಿಗಳಲ್ಲಿ ಎರಡು ಈ ‘ಶಾನುಭೋಗರ ಮನೆತನ’ಕ್ಕೆ ಸೇರಿದವು. ಮನೆತನದ ಗುರುತು ಮೊದಲೇ ಗೊತ್ತಿದ್ದುದರಿಂದ ಆ ಎರಡರ ಮೇಲೆ ಅನುಮಾನ ಮೂಡಿತು. ಗಣತಿಯ ಪಟ್ಟಿ ಉಪಯೋಗಕ್ಕೆ ಬಂದದ್ದು ಹೀಗೆ. ಅದು ತೀರ್ಪು ಕೊಡಲಿಲ್ಲ, ಯಾರನ್ನು ವಿಚಾರಿಸಬೇಕೆಂದು ತೋರಿಸಿಕೊಟ್ಟಿತು.

2012ರಲ್ಲಿ ಉತ್ತರ ಪ್ರಕಟವಾಯಿತು. ಎರಡರಲ್ಲಿ ಮೊದಲನೆಯದರ 1455ನೆಯ ಸ್ಥಾನದಲ್ಲಿ ಹುಳಿ ರೂಪದಲ್ಲಿ ‘ಜಿ’ ಎಂಬ ಅಕ್ಷರವಿದ್ದರೆ ಸಪ್ಪೆ ರೂಪದಲ್ಲಿ ‘ಎ’ ಇತ್ತು. ಒಂದೇ ಒಂದು ಅಕ್ಷರ. ಆದರೆ ಅದು ಬಿದ್ದ ಜಾಗ ಎಂಥದೆಂದರೆ, ಅಲ್ಲಿಗೆ ಪೂರ್ಣವಿರಾಮದ ಚಿಹ್ನೆ ಏರ್ಪಟ್ಟಿತು. ಪ್ರೋಟೀನನ್ನು ಕಟ್ಟುವ ಯಂತ್ರ ವಾಕ್ಯ ಮುಗಿಯಿತೆಂದು ತಿಳಿದು ನಿಂತುಬಿಡುತ್ತದೆ. ಬಾಲದ ಕಡೆಯ 84 ಅಮೈನೊ ಆಮ್ಲಗಳು ಸೇರುವುದೇ ಇಲ್ಲ. ಎರಡೂ ಕಡೆಯಿಂದ ಈ ಮೊಟಕು ರೂಪವನ್ನೇ ಪಡೆದ ಮರದ ಹಣ್ಣು ಸಪ್ಪೆ. ಅರ್ಧ ಶತಮಾನಕ್ಕೂ ಹಿಂದೆ ನೈಬಾಮ್ ಕಂಡಿದ್ದ ಆ ಒಂದು ಪಾಲು ಇದೇ.

ಇಷ್ಟಾದರೂ ಅನುಮಾನ ಪೂರ್ತಿ ತೀರಲಿಲ್ಲ. ಮೊಟಕಾದ ಬಾಗಿಲು ನಿಜವಾಗಿಯೂ ಮ್ಯಾಲೇಟನ್ನು ಬಿಡುವುದಿಲ್ಲವೆ? ಇದನ್ನು ಪರೀಕ್ಷಿಸಲು ಕಪ್ಪೆಯ ಮೊರೆ ಹೋಗಬೇಕಾಯಿತು. ಆಫ್ರಿಕಾದ ಒಂದು ಜಾತಿಯ ಕಪ್ಪೆಯ ಅಂಡ ಸುಮಾರು ಒಂದು ಮಿಲಿಮೀಟರಿನಷ್ಟು ದೊಡ್ಡದು. ಅದರೊಳಕ್ಕೆ ಬೇರೊಂದು ಜೀವಿಯ ವಂಶವಾಹಿಯ ಸಂದೇಶವನ್ನು ಚುಚ್ಚಿ ಹಾಕಿದರೆ ಅದು ಆ ಪ್ರೋಟೀನನ್ನು ತಯಾರಿಸಿ ತನ್ನ ಪೊರೆಯಲ್ಲಿ ಕೂಡಿಸಿಕೊಳ್ಳುತ್ತದೆ. ಮ್ಯಾಲೇಟಿಗೆ ವಿದ್ಯುದಂಶವಿರುವುದರಿಂದ ಅದು ಬಾಗಿಲು ದಾಟಿದರೆ ವಿದ್ಯುತ್ತು ಹರಿಯುತ್ತದೆ, ಸೂಕ್ಷ್ಮವಾದ ತಂತಿಯಿಂದ ಅಳೆಯಬಹುದು. 2020ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಸೇಬಿನ ಪೂರ್ಣ ಪ್ರೋಟೀನು ಇದ್ದ ಅಂಡದಲ್ಲಿ ವಿದ್ಯುತ್ತು ಚೆನ್ನಾಗಿ ಹರಿಯಿತು, ಮೊಟಕು ಪ್ರೋಟೀನು ಇದ್ದ ಅಂಡದಲ್ಲಿ ಬಹಳ ಕುಗ್ಗಿತು. ಬಾಲವಿಲ್ಲದ ಬಾಗಿಲು ಸರಿಯಾಗಿ ತೆರೆಯುವುದಿಲ್ಲ ಎಂಬುದು ಖಚಿತವಾಯಿತು. ಸೇಬಿನ ಹುಳಿಗೆ ಕಪ್ಪೆಯ ಅಂಡ ಸಾಕ್ಷಿ ಹೇಳಿತು.

ಈ ಒಬ್ಬನೇ ಎಲ್ಲ ಹುಳಿಗೂ ಹೊಣೆಯೆಂದು ತಿಳಿಯಬಾರದು. 8ನೆಯ ವರ್ಣತಂತುವಿನಲ್ಲೂ ಹುಳಿಯನ್ನು ಏರಿಳಿಸುವ ಜಾಗವೊಂದಿದೆ. ಅಯಾನುಗಳನ್ನು ತಳ್ಳುವ ಪಂಪುಗಳ ಪಾತ್ರವೂ ಸಣ್ಣದಲ್ಲ. ಆದರೆ ಮುಖ್ಯ ಬಾಗಿಲು ಯಾವುದೆಂದು ಗೊತ್ತಾಗಿದೆ.

ಗಣತಿಯೂ ತಪ್ಪುತ್ತದೆ

ಪಟ್ಟಿಗಳನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ ಎಂಬುದಕ್ಕೆ ಸೇಬಿನಲ್ಲೇ ಇನ್ನೊಂದು ನಿದರ್ಶನವುಂಟು. 2017ರಲ್ಲಿ ಸೇಬಿನ ಜೀನೋಮನ್ನು ಮತ್ತೊಮ್ಮೆ, ಹೆಚ್ಚು ಉತ್ತಮವಾದ ಯಂತ್ರಗಳಿಂದ ಓದಲಾಯಿತು. 57,386 ಎಂದು ಎಣಿಸಿದ್ದ ವಂಶವಾಹಿಗಳು ಈ ಸಲ 42,140ಕ್ಕೆ ಇಳಿದವು. ಹದಿನೈದು ಸಾವಿರ ವಂಶವಾಹಿಗಳು ಎಲ್ಲಿ ಹೋದವು?

ಎಲ್ಲಿಗೂ ಹೋಗಲಿಲ್ಲ, ಬಹುಪಾಲು ಇರಲೇ ಇಲ್ಲ. ಸೇಬಿನ ಪ್ರತಿ ಮರಕ್ಕೂ ತಂದೆಯ ಕಡೆಯಿಂದ ಒಂದು, ತಾಯಿಯ ಕಡೆಯಿಂದ ಒಂದು ಲಿಪಿ. ಸೇಬಿನಲ್ಲಿ ಇವೆರಡರ ನಡುವೆ ವ್ಯತ್ಯಾಸ ಬಹಳ. ಅದರಿಂದಾಗಿ ಒಂದೇ ಜಾಗದ ಎರಡು ಪಾಠಗಳನ್ನು ಕಂಪ್ಯೂಟರು ಎರಡು ಬೇರೆ ಬೇರೆ ಜಾಗಗಳೆಂದು ತಿಳಿದ ಸಂದರ್ಭಗಳಿದ್ದವು. ಒಬ್ಬನೇ ಮನುಷ್ಯನ ಹೆಸರನ್ನು ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಪಡಿತರ ಚೀಟಿಯಲ್ಲಿ ಇನ್ನೊಂದು ಬಗೆ ಬರೆದು ಇಬ್ಬರೆಂದು ಎಣಿಸಿದಂತೆ. ಈ ಗೊಂದಲ ತಪ್ಪಿಸಲು 2017ರ ತಂಡ ಎರಡೂ ಪ್ರತಿಗಳು ತದ್ರೂಪವಾಗಿರುವಂತೆ ಬೆಳೆಸಿದ್ದ ವಿಶೇಷ ಮರವೊಂದನ್ನು ಆರಿಸಿಕೊಂಡಿತು. ಅದೂ ಗೋಲ್ಡನ್ ಡಿಲಿಷಸ್ ವಂಶದ್ದೇ. ಹಳೆಯ ಲಿಪಿಯ ಆಧಾರದ ಮೇಲೆ ಮಾಡಿದ ಕುಟುಂಬ ಗಣತಿಗಳನ್ನೆಲ್ಲ ಮತ್ತೆ ತಾಳೆ ನೋಡಬೇಕಾದ ಪ್ರಮೇಯ ಬಂತು. ವಿಜ್ಞಾನದಲ್ಲಿ ಇದೇನೂ ಅಪಮಾನದ ವಿಷಯವಲ್ಲ. ತಿದ್ದಿಕೊಳ್ಳಲು ಒಪ್ಪದ ಪಟ್ಟಿಯೇ ಅಪಾಯಕಾರಿ.

ಕಾಯುವವರ ಕಷ್ಟ

ಇಷ್ಟೆಲ್ಲ ಶ್ರಮಪಟ್ಟು ಒಂದು ಅಕ್ಷರವನ್ನು ಪತ್ತೆಹಚ್ಚಿದ್ದರಿಂದ ಯಾರಿಗೆ ಏನು ಲಾಭ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಹೊಸ ತಳಿ ಮಾಡುವವರು.

ಸೇಬಿನ ಬೀಜ ನೆಟ್ಟರೆ ತಾಯಿಯಂಥ ಮರ ಬರುವುದಿಲ್ಲ. ಪ್ರತಿ ಬೀಜವೂ ಹೊಸ ಮನುಷ್ಯನಂತೆ. ಆದುದರಿಂದಲೇ ತೋಟಗಾರರು ಕಸಿ ಕಟ್ಟುತ್ತಾರೆ. ತಳಿಗಾರನಾದವನು ಎರಡು ಮರಗಳನ್ನು ಕೂಡಿಸಿ ಸಾವಿರಾರು ಬೀಜ ನೆಟ್ಟು, ವರ್ಷಗಟ್ಟಲೆ ನೀರು ಗೊಬ್ಬರ ಕೊಟ್ಟು ಕಾಯಬೇಕು. ಹಣ್ಣು ಬಂದ ಮೇಲೆ ಬಹುಪಾಲು ಮರಗಳನ್ನು ಕಡಿದುಹಾಕಬೇಕು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ‘ಹನಿಕ್ರಿಸ್ಪ್’ ತಳಿಗೆ ಬೀಜ ಕಟ್ಟಿಸಿದ್ದು 1960ರಲ್ಲಿ, ರೈತರ ಕೈಗೆ ಬಂದದ್ದು 1991ರಲ್ಲಿ. ನಡುವೆ 31 ವರ್ಷ. 1977ರಲ್ಲಿ ಅದನ್ನು ತೆಗೆದುಹಾಕಬೇಕೆಂದು ಗುರುತು ಮಾಡಿದ್ದೂ ಉಂಟು. ಬಳಿಕ ಬಂದ ಡೇವಿಡ್ ಬೆಡ್‌ಫರ್ಡ್ ಎಂಬ ತಳಿಗಾರರು ಅದಕ್ಕೆ ಇನ್ನೊಂದು ಅವಕಾಶ ಕೊಟ್ಟಿದ್ದರಿಂದ ಅದು ಉಳಿದು, ಮುಂದೆ ಅಮೆರಿಕದಲ್ಲಿ ಮನೆಮಾತಾಯಿತು. ಅದರ ತಂದೆತಾಯಿಗಳೆಂದು ದಾಖಲೆಯಲ್ಲಿ ಬರೆದಿದ್ದ ಹೆಸರುಗಳು ತಪ್ಪೆಂಬುದು ತಿಳಿದದ್ದೂ ವಂಶಲಿಪಿಯ ಪರೀಕ್ಷೆಯಿಂದಲೇ.

ಒಬ್ಬ ತಳಿಗಾರನ ಇಡೀ ವೃತ್ತಿಜೀವನದಲ್ಲಿ ಒಂದೆರಡು ತಳಿ ಹೊರಬಂದರೆ ಅದೇ ಭಾಗ್ಯ. ಅಂಥವರಿಗೆ ಆ 1455ನೆಯ ಅಕ್ಷರ ದೊಡ್ಡ ಆಸರೆ. ಮೊಳೆತ ಸಸಿಯ ಒಂದು ಚೂರು ಎಲೆಯಿಂದ ಅದು ಹುಳಿಯ ಗುಂಪಿಗೆ ಸೇರಿದ್ದೇ ಸಪ್ಪೆಯ ಗುಂಪಿಗೆ ಸೇರಿದ್ದೇ ಎಂದು ತಿಳಿಯಬಹುದು. ಬೇಡವಾದ ಆ ಕಾಲು ಪಾಲು ಸಸಿಗಳಿಗೆ ವರ್ಷಗಟ್ಟಲೆ ನೆಲ, ನೀರು, ಆಳು ಖರ್ಚು ಮಾಡಬೇಕಾಗಿಲ್ಲ.

ಆದರೆ ‘ಬೇಡವಾದದ್ದು’ ಎಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಇಲ್ಲೇ ಏಳುತ್ತದೆ. ಮಾರುಕಟ್ಟೆ ಸಿಹಿಯನ್ನೇ ಕೇಳಿದರೆ ಹುಳಿಯ ಸಸಿಗಳೆಲ್ಲ ಕಸದ ಗುಂಡಿಗೆ ಹೋಗಬಹುದು. ಹಿಂದೆ ಮರ ಹಣ್ಣು ಬಿಡುವವರೆಗಾದರೂ ಬದುಕಿರುತ್ತಿತ್ತು, ಯಾರಾದರೂ ಒಬ್ಬರು ತಿಂದು ನೋಡಿ ‘ಇರಲಿ’ ಎನ್ನುವ ಸಂಭವವಿತ್ತು. ಹನಿಕ್ರಿಸ್ಪ್ ಉಳಿದದ್ದು ಹಾಗೆ. ಎಲೆಯ ಚೂರಿನಲ್ಲೇ ತೀರ್ಪು ಮುಗಿದರೆ ಆ ‘ಇರಲಿ’ ಎನ್ನುವ ಅವಕಾಶ ಕಡಿಮೆಯಾಗುತ್ತದೆ. ಪರೀಕ್ಷೆಯದು ತಪ್ಪಲ್ಲ. ಒಂದು ಅಕ್ಷರ ಓದಿ ಇಡೀ ಹಣ್ಣನ್ನು ಓದಿದೆವೆಂದು ಭಾವಿಸಿದರೆ ಅದು ತಪ್ಪು.

ಆಕರ ಎಲ್ಲಿದೆ?

ಜಿನೀವಾದ ತೋಟದಲ್ಲಿದ್ದ ಕಾಡುಸೇಬು ಎಲ್ಲಿಂದ ಬಂತೆಂಬುದನ್ನು ಮರೆಯಬಾರದು. ಕಜಾಖ್‌ಸ್ತಾನದ ಟಿಯೆನ್ ಷಾನ್ ಪರ್ವತಗಳ ತಪ್ಪಲಲ್ಲಿ ಸೇಬಿನ ಕಾಡುಗಳಿವೆ. 1929ರಲ್ಲಿ ರಷ್ಯದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ ಆಲ್ಮಾ ಆಟಾ ನಗರದ ಸುತ್ತಣ ಬೆಟ್ಟಗಳಲ್ಲಿ ಆ ಕಾಡುಗಳನ್ನು ಕಂಡು ಸೇಬಿನ ತವರು ಇದೇ ಎಂದರು. 2010ರ ಜೀನೋಮ್ ಅಧ್ಯಯನ ಅವರ ಮಾತನ್ನು ಎತ್ತಿಹಿಡಿಯಿತು. ಅಂಗಡಿಗಳ ಸೇಬಿನ ಮುಖ್ಯ ಪೂರ್ವಜ ಅಲ್ಲಿನ ‘ಮೇಲಸ್ ಸೀವರ್ಸಿಯೈ’ ಎಂಬ ಕಾಡುಜಾತಿಯೇ. ಆ ಕಾಡಿನಲ್ಲಿ ಹುಳಿ, ಸಿಹಿ, ಒಗರು, ಕಹಿ ಎಲ್ಲ ಬಗೆಯ ಹಣ್ಣಿನ ಮರಗಳೂ ಅಕ್ಕಪಕ್ಕದಲ್ಲಿ ನಿಂತಿವೆ. 1989ರಿಂದ 1996ರವರೆಗೆ ಅಮೆರಿಕದ ವಿಜ್ಞಾನಿಗಳು ಹಲವು ಸಲ ಅಲ್ಲಿಗೆ ಹೋಗಿ ಬೀಜ ತಂದು ಜಿನೀವಾದಲ್ಲಿ ಬೆಳೆಸಿದರು. ಹುಳಿಯ ಬಾಗಿಲಿನ ಗುಟ್ಟು ತಿಳಿಯಲು ನೆರವಾದದ್ದು ಆ ಬೀಜಗಳಿಂದ ಬಂದ ಮರಗಳು.

ಆ ಕಾಡುಗಳು ಊರು, ತೋಟ, ರಸ್ತೆಗಳಿಗೆ ಜಾಗ ಬಿಟ್ಟುಕೊಡುತ್ತ ಕುಗ್ಗಿವೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಈ ಜಾತಿಯನ್ನು ಅಪಾಯದ ಅಂಚಿನವುಗಳ ಪಟ್ಟಿಗೆ ಸೇರಿಸಿದೆ.

ಕಂಪ್ಯೂಟರಿನಲ್ಲಿ ಬರೆದಿಟ್ಟ ಪಟ್ಟಿ ಉಳಿಯುತ್ತದೆ. ನಲವತ್ತೆರಡು ಸಾವಿರ ಹೆಸರುಗಳು, ಇಪ್ಪತ್ತಕ್ಕೂ ಮಿಕ್ಕಿದ ಮ್ಯಾಲೇಟ್ ಬಾಗಿಲುಗಳು, ಅವುಗಳ ನಕ್ಷೆ, ವಂಶವೃಕ್ಷ. ಅವುಗಳಲ್ಲಿ ಒಂದರ ಕೆಲಸವನ್ನು ಖಚಿತವಾಗಿ ತಿಳಿಯಲು ಅರ್ಧ ಶತಮಾನದ ಮರಗಳು, ಹಣ್ಣುಗಳು, ತಾಳ್ಮೆಯ ಮನುಷ್ಯರು ಬೇಕಾದರು. ಉಳಿದವುಗಳ ಕಸುಬನ್ನು ಕೇಳಿ ತಿಳಿಯಲು ಮರಗಳನ್ನೇ ಕೇಳಬೇಕು. ಆ ದಿನಕ್ಕಾಗಿ ಸಿಹಿಯ ಮರವೂ ಇರಬೇಕು, ಯಾರೂ ಕೊಳ್ಳದ ಹುಳಿಯ ಮರವೂ ಇರಬೇಕು.